4/6 ತಗ್ಗಿಸಿದ ಸಿ1500ಕ್ಕೆ 20 ಇಂಚಿನ ಚಕ್ರ ಹಾಕಬಹುದಾ?

ಹಳೇಶೆವಿ96 (ಸ್ಯಾಕ್ರಮೆಂಟೊ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 1996ರ ಶೆವರ್ಲೆ ಸಿ1500 ಪಿಕಪ್ ತಗೊಂಡೆ. ಟೂ ವೀಲ್ ಡ್ರೈವ್, ಸಿಂಗಲ್ ಕ್ಯಾಬ್, ಚಿಕ್ಕ ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ). ಹಿಂದಿನ ಮಾಲೀಕರೇ ಮುಂದೆ 4 ಇಂಚು, ಹಿಂದೆ 6 ಇಂಚು ತಗ್ಗಿಸಿದ್ದಾರೆ. ಮುಂದೆ ಡ್ರಾಪ್ ಸ್ಪಿಂಡಲ್ (ಚಕ್ರವನ್ನು ಮೇಲಕ್ಕೆ ಕೂರಿಸಿ ಗಾಡಿ ತಗ್ಗಿಸುವ ಭಾಗ) ಮತ್ತು ಗಿಡ್ಡ ಸ್ಪ್ರಿಂಗ್, ಹಿಂದೆ ಫ್ಲಿಪ್ ಕಿಟ್ (ಆಕ್ಸಲ್ ಅನ್ನು ಸ್ಪ್ರಿಂಗಿನ ಕೆಳಗಿಂದ ಮೇಲಕ್ಕೆ ತರುವ ಕಿಟ್). ಆಕ್ಸಲ್ ಮೇಲೆದ್ದಾಗ ತಾಗದ ಹಾಗೆ ಫ್ರೇಮಿನಲ್ಲಿ ಸಿ-ನಾಚ್ (ಸಿ ಆಕಾರದ ಕಚ್ಚು) ಕೂಡ ಕತ್ತರಿಸಿದ್ದಾರೆ.

ಈಗ ಇರುವುದು 15 ಇಂಚಿನ ರಿಮ್, 235/75 ಟೈರ್ (ಅಗಲ 235 ಮಿಮೀ, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75). 20 ಇಂಚು ಹಾಕಬೇಕು ಅಂತ ತುಂಬ ಆಸೆ. ಇಲ್ಲೇ ಹತ್ತಿರ ಒಬ್ಬರು ಹೊಸ ಶೆವರ್ಲೆ ಸಿಲ್ವರಾಡೊ ಪಿಕಪ್‌ನಿಂದ ಬಿಚ್ಚಿದ 20×9 (20 ಇಂಚು ವ್ಯಾಸ, 9 ಇಂಚು ಅಗಲ) ರಿಮ್‌ಗಳನ್ನು 275/55 ಟೈರ್ ಸಮೇತ 400 ಡಾಲರಿಗೆ ಕೊಡುತ್ತಾರಂತೆ. ಅದಕ್ಕೆ 6 ಬೋಲ್ಟ್, ನನ್ನದಕ್ಕೆ 5. ನಡುವೆ ಅಡಾಪ್ಟರ್ (5 ಬೋಲ್ಟಿನ ಗಾಡಿಗೆ 6 ಬೋಲ್ಟಿನ ರಿಮ್ ಕೂರಿಸುವ ತಟ್ಟೆ) ಹಾಕಿದರೆ ಸಾಕು ಅಂದರು. ಹೌದಾ? ವಾರಕ್ಕೊಮ್ಮೆ 99ನೇ ಹೆದ್ದಾರಿ ಮೇಲೆ ಫ್ರೆಸ್ನೊಗೆ ಹೋಗಿ ಬರುತ್ತೇನೆ, ಹಿಂದೆ ಸಾಮಾನೂ ಇರುತ್ತದೆ. ದಾರಿಯಲ್ಲಿ ಏನೂ ಆಗಬಾರದು.

ಬೆಣ್ಣೆನಗರಿ (ಸ್ಟಾಕ್ಟನ್)

ಆ ಸೆಟ್ ದಯವಿಟ್ಟು ತಗೋಬೇಡಿ. ಬೋಲ್ಟಿನ ವಿಷಯ ಆಮೇಲೆ, ಮೊದಲು ಟೈರಿನ ಎತ್ತರ ನೋಡಿ. ನಿಮ್ಮ 235/75ಆರ್15 ನಿಂತರೆ 28.9 ಇಂಚು. ಅವರು ಕೊಡುತ್ತಿರುವ 275/55ಆರ್20 ಬರೋಬ್ಬರಿ 31.9 ಇಂಚು. 6 ಇಂಚು ಕೆಳಗೆ ಕೂತಿರುವ ಗಾಡಿಯೊಳಗೆ 3 ಇಂಚು ಜಾಸ್ತಿ ಎತ್ತರದ ಟೈರ್ ಎಲ್ಲಿ ಹಿಡಿಸುತ್ತದೆ ಹೇಳಿ? ರಿಮ್ ದೊಡ್ಡದಾಗಲಿ, ಟೈರಿನ ಒಟ್ಟು ಎತ್ತರ ಮಾತ್ರ ಹಳೆಯದರ ಹತ್ತಿರವೇ ಇರಬೇಕು. 255/45ಆರ್20 ತಗೊಂಡರೆ 29 ಇಂಚು ಆಗುತ್ತದೆ. ಸ್ಪೀಡೊಮೀಟರ್ ಕೂಡ ಹೆಚ್ಚುಕಡಿಮೆ ಸರಿಯಾಗೇ ತೋರಿಸುತ್ತದೆ.

ಈಗ ಬೋಲ್ಟ್. ನಿಮ್ಮದು 5 ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 127 ಮಿಮೀ. ಸಿಲ್ವರಾಡೊದ್ದು 6 ಬೋಲ್ಟ್, 139.7. ಅಡಾಪ್ಟರ್ ಎಷ್ಟು ದಪ್ಪ ಇದೆಯೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ, ಟೈರಿನ ಭುಜ ಫೆಂಡರಿನ ತುಟಿಗೇ ಹೋಗಿ ನಿಲ್ಲುತ್ತದೆ. 127ರದ್ದೇ ರಿಮ್ ಹುಡುಕಿ. ಒಂದು ಎಚ್ಚರಿಕೆ: ಜೀಪ್ ರ‍್ಯಾಂಗ್ಲರ್ ಜೆಕೆ ರಿಮ್ ಕೂಡ 5 ಬೋಲ್ಟ್ 127, ಆದರೆ ನಡುವಿನ ತೂತು 71.5 ಮಿಮೀ. ನಿಮ್ಮ ಗಾಡಿಯ ಹಬ್ (ಆ ತೂತಿನೊಳಗೆ ಕೂರುವ ಭಾಗ) 78ರ ಆಸುಪಾಸು. ಕೂರುವುದೇ ಇಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೇ ಅನುಭವ ಆಗಿದೆ. ನನ್ನದೂ ಇದೇ ತಲೆಮಾರಿನ ಗಾಡಿ. ಮೊದಲ ಸಲ 275/45 ಹಾಕಿಸಿದೆ, 29.7 ಇಂಚು. ಅಂಗಡಿಯವರು ಖಾಲಿ ಗಾಡಿಯನ್ನು ಜಾಗದಲ್ಲೇ ನಿಲ್ಲಿಸಿ, ಟೈರಿಗೂ ಫೆಂಡರಿಗೂ ನಡುವೆ ಎರಡು ಬೆರಳು ತೂರಿಸಿ, ಸರಿ ಇದೆ ಅಂದರು. ನಾನೂ ನಂಬಿದೆ. ಮುಂದಿನ ಶನಿವಾರ ಹಿತ್ತಲ ಕೆಲಸಕ್ಕೆ 60 ಪೌಂಡಿನ 12 ಕಾಂಕ್ರೀಟ್ ಚೀಲ ಹೇರಿಕೊಂಡು ಬರುತ್ತಿದ್ದೆ. ಲೋಡೈ ದಾಟುವಾಗ ರಬ್ಬರ್ ಸುಟ್ಟ ವಾಸನೆ. ಮುಂದಿನ ಲಾರಿಯದ್ದು ಅಂದುಕೊಂಡೆ. ಮನೆಗೆ ಬಂದು ಬಗ್ಗಿ ನೋಡಿದರೆ, ಬಲಗಡೆ ಹಿಂದಿನ ಟೈರಿನ ಒಳಭುಜದಲ್ಲಿ ಸುತ್ತಲೂ ಒಂದು ಗೀರು. ಉಗುರು ಒಳಗೆ ಇಳಿಯುತ್ತಿತ್ತು. ಬೆಡ್‌ನ ಒಳಗೋಡೆಯಲ್ಲಿ ತಗಡಿನ ಜೋಡಣೆ ಇದೆಯಲ್ಲ, ಅದರ ಅಂಚು ಕೊರೆದಿತ್ತು. ಇನ್ನೊಂದಿಷ್ಟು ಮೈಲಿ ಹೋಗಿದ್ದರೆ ಟೈರ್ ಒಡೆಯುತ್ತಿತ್ತು. ಆ ದಿನ ಪಕ್ಕದ ಸೀಟಿನಲ್ಲಿ ನನ್ನ ಮಗ ಕೂತಿದ್ದ.

ಅದಕ್ಕೇ ಹೇಳುವುದು, ನಿಂತ ಗಾಡಿಯಲ್ಲಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ನಮ್ಮಪ್ಪ ದಾವಣಗೆರೆಯಲ್ಲಿ ಲಾರಿ ಗ್ಯಾರೇಜ್ ನಡೆಸುತ್ತಿದ್ದರು. ಟೈರ್ ಎಲ್ಲಾದರೂ ತಾಗುತ್ತಿದೆ ಅಂತ ಡ್ರೈವರ್ ಹೇಳಿದರೆ, ಟೈರಿನ ಎರಡೂ ಭುಜಕ್ಕೆ ಒದ್ದೆ ಸುಣ್ಣ ಬಳಿದು, ಒಣಗಿದ ಮೇಲೆ ಲೋಡ್ ಸಮೇತ ಒಂದು ಸುತ್ತು ಓಡಿಸಿ ಬಾ ಅನ್ನುತ್ತಿದ್ದರು. ಬಂದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗುತ್ತಿದ್ದರು. ಎಲ್ಲಿ ಬಿಳಿ ಹತ್ತಿದೆಯೋ ಅಲ್ಲೇ ತಾಗುತ್ತಿದೆ ಅಂತ ಲೆಕ್ಕ. ನಾನೀಗ ಮಕ್ಕಳ ಸೀಮೆಸುಣ್ಣ ನೀರಲ್ಲಿ ಕಲಸಿ ಅದನ್ನೇ ಮಾಡುತ್ತೇನೆ. ನೀವೂ ಮಾಡಿ. ಬೆಡ್‌ಗೆ ನೀವು ಹೇರುವಷ್ಟೇ ಭಾರ ಹಾಕಿ, ಯಾವುದಾದರೂ ಡ್ರೈವ್‌ವೇ ಏರನ್ನು ನಿಧಾನಕ್ಕೆ ಓರೆಯಾಗಿ ಹತ್ತಿ. ಒಮ್ಮೆ ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಇನ್ನೊಮ್ಮೆ ಪೂರ್ತಿ ಬಲಕ್ಕೆ. ಮುಂದೆ ಸ್ವೇ ಬಾರ್, ಮೇಲಿನ ಬಾಲ್ ಜಾಯಿಂಟ್, ಫೆಂಡರಿನ ಹಿಂಭಾಗ, ಈ ಮೂರು ಜಾಗ ತಪ್ಪದೆ ನೋಡಿ.

ರಿಮ್ ಕೊಳ್ಳುವ ಮೊದಲು ಬ್ಯಾಕ್‌ಸ್ಪೇಸಿಂಗ್ ನೀವೇ ಅಳೆಯಿರಿ. ರಿಮ್ ಬೋರಲು ಹಾಕಿ, ಒಳ ಅಂಚಿನ ಮೇಲೆ ನೇರವಾದ ಕೋಲು ಇಟ್ಟು, ಅಲ್ಲಿಂದ ಹಬ್ ಕೂರುವ ಜಾಗಕ್ಕೆ ಎಷ್ಟು ಇಂಚು ಅಂತ ನೋಡಿದರೆ ಆಯ್ತು. ಈಗಿರುವ ರಿಮ್ಮಿನದ್ದೂ ಅಳೆದು ಎರಡನ್ನೂ ಹೋಲಿಸಿ.

ಮಂಜಿನೂರು (ಮಿಶಿಗನ್)

ಮೇಲಿನದ್ದೆಲ್ಲ ಒಪ್ಪುತ್ತೇನೆ. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಂಕಿ) ಕೂಡ ಮರೆಯಬೇಡಿ. 255/45ಆರ್20ರಲ್ಲಿ 101 ಬರೆದದ್ದೂ ಸಿಗುತ್ತದೆ, 105 ಎಕ್ಸ್‌ಎಲ್ ಕೂಡ ಸಿಗುತ್ತದೆ. 101 ಅಂದರೆ ಒಂದು ಟೈರಿಗೆ 825 ಕೆಜಿ, 105 ಅಂದರೆ 925. ಕಾರಿನ ಟೈರನ್ನು ಪಿಕಪ್‌ಗೆ ಹಾಕುವಾಗ ಆ ಅಂಕಿಯನ್ನು 1.1ರಿಂದ ಭಾಗಿಸಬೇಕು, ಅಂದರೆ 925 ಇದ್ದದ್ದು 840ಕ್ಕೆ ಇಳಿಯುತ್ತದೆ. ನಿಮ್ಮ ಬಾಗಿಲಿನ ಸ್ಟಿಕರ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಬರೆದ ತೂಕದ ಅರ್ಧಕ್ಕಿಂತ ಇದು ಕಡಿಮೆ ಇರಕೂಡದು. ಸುಮ್ನೆ ಅಗ್ಗ ಅಂತ 101 ತರಬೇಡಿ.

ನಮ್ಮ ಕಡೆ ಚಳಿಗಾಲ ಮುಗಿದರೆ ರಸ್ತೆ ತುಂಬ ಗುಂಡಿ. ತೆಳು ಟೈರಿನಲ್ಲಿ ಒಂದೇ ವರ್ಷ ಎರಡು ರಿಮ್ ಬಗ್ಗಿಸಿಕೊಂಡೆ. ನಿಮ್ಮಲ್ಲಿ ಅಷ್ಟು ಇರಲಿಕ್ಕಿಲ್ಲ. ಆದರೂ ಗಾಳಿ ಕಡಿಮೆಯಾಗಲು ಬಿಡಬೇಡಿ.

ಹಳೇಶೆವಿ96

ಇಬ್ಬರಿಗೂ ತುಂಬ ಥ್ಯಾಂಕ್ಸ್. ಆ 400 ಡಾಲರಿನ ಸೆಟ್ ಬೇಡ ಅಂದುಬಿಟ್ಟೆ. 127ರದ್ದೇ 20×8.5 ಸಿಕ್ಕಿದೆ, ನಡುವಿನ ತೂತೂ ಸರಿ ಇದೆ. ಇನ್ನೊಂದು ಪ್ರಶ್ನೆ. ಇಷ್ಟು ತಗ್ಗಿರುವ ಗಾಡಿಗೆ ಪೊಲೀಸರು ದಂಡ ಹಾಕುತ್ತಾರಾ? ದೊಡ್ಡ ಚಕ್ರ ಹಾಕಿದರೆ ತೊಂದರೆ ಜಾಸ್ತಿಯಾಗುತ್ತದಾ?

ಬೆಣ್ಣೆನಗರಿ

ಇದರಲ್ಲಿ ದೊಡ್ಡ ರಿಮ್ ನಿಮಗೇ ಅನುಕೂಲ. ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ 24008 ಅಂತ ಒಂದು ಸೆಕ್ಷನ್ ಇದೆ. ಮಾರ್ಪಾಡು ಮಾಡಿದ ಗಾಡಿಯ ಯಾವ ಭಾಗವೂ, ಚಕ್ರ ಒಂದನ್ನು ಬಿಟ್ಟು, ರಿಮ್ಮಿನ ಕೆಳತುದಿಗಿಂತ ನೆಲಕ್ಕೆ ಹತ್ತಿರ ಇರಬಾರದು ಅನ್ನುತ್ತದೆ. ನಿಮ್ಮ ಈಗಿನ ಟೈರಿನ ಪಕ್ಕದ ಗೋಡೆ 176 ಮಿಮೀ ಎತ್ತರ. 255/45ರದ್ದು 115. ಅಂದರೆ ರಿಮ್ ಎರಡು ಇಂಚಿಗಿಂತ ಜಾಸ್ತಿ ನೆಲಕ್ಕೆ ಹತ್ತಿರ ಬರುತ್ತದೆ, ಗಾಡಿಯ ಎತ್ತರ ಅಷ್ಟೇ ಇರುತ್ತದೆ. ಟೈರ್ ಪೂರ್ತಿ ಗಾಳಿ ಬಿಟ್ಟರೂ ಫ್ರೇಮ್ ರಸ್ತೆಗೆ ಉಜ್ಜಬಾರದು ಅನ್ನುವುದೇ ಇದರ ಹಿಂದಿನ ಲೆಕ್ಕ.

ನೋಡುವುದು ಸುಲಭ. ಮನೆಯಲ್ಲಿ ಹೂ ಕಟ್ಟುವ ದಾರ ಇದ್ದರೆ ತಗೊಳ್ಳಿ. ಮೊದಲು ಎಡ ರಿಮ್ಮಿನ ಕೆಳತುದಿಯಿಂದ ಬಲ ರಿಮ್ಮಿನ ಕೆಳತುದಿಗೆ ಎಳೆದು ನೋಡಿ, ಕಾಯ್ದೆಯ ಗೆರೆ ಅದೇ. ಒಂದೇ ಕಡೆ ಟೈರಿನ ಗಾಳಿ ಹೋದರೆ ಏನಾಗುತ್ತದೆ ಅಂತ ನೋಡಲು ಇನ್ನೊಂದು ಪರೀಕ್ಷೆ ಇದೆ. ಎಡ ಚಕ್ರದ ರಿಮ್ಮಿನ ಕೆಳತುದಿಯಿಂದ ಬಲ ಟೈರು ನೆಲಕ್ಕೆ ತಾಗುವ ಜಾಗಕ್ಕೆ ಬಿಗಿಯಾಗಿ ಎಳೆಯಿರಿ. ಆಮೇಲೆ ಬಲದಿಂದ ಎಡಕ್ಕೆ. ಗಾಡಿಯ ಕೆಳಗೆ ಎಕ್ಸ್ ಆಕಾರ ಬರುತ್ತದೆ, ಅದನ್ನೇ ಸ್ಕ್ರಬ್ ಲೈನ್ ಅನ್ನುತ್ತಾರೆ. ಯಾವ ನಟ್ಟು, ಯಾವ ಬ್ರಾಕೆಟ್ಟೂ ಆ ದಾರವನ್ನು ಕೆಳಗೆ ಒತ್ತಬಾರದು. ಮುಂದಿನ ಚಕ್ರಕ್ಕೊಂದು ಸಲ, ಹಿಂದಿನದಕ್ಕೊಂದು ಸಲ ನೋಡಿ. ನನ್ನ ಗಾಡಿಯಲ್ಲಿ ಹಿಂದಿನ ಶಾಕ್ ಬ್ರಾಕೆಟ್ ಒತ್ತುತ್ತಿತ್ತು, ಬದಲಾಯಿಸಿದೆ.

ಹಳೇಶೆವಿ96

ನಿನ್ನೆ ಚಕ್ರ ಹಾಕಿದೆ. 255/45, 105 ಎಕ್ಸ್‌ಎಲ್. ಸೀಮೆಸುಣ್ಣ ಬಳಿದು, 10 ಚೀಲ ಗೊಬ್ಬರ ಹೇರಿ ಓಡಿಸಿದೆ. ಹಿಂದೆ ಎಲ್ಲೂ ಬಿಳಿ ಇಲ್ಲ. ಮುಂದೆ ಎಡಗಡೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಫೆಂಡರ್ ಒಳಗಿನ ಪ್ಲಾಸ್ಟಿಕ್ ಮೇಲೆ ಹೆಬ್ಬೆರಳಗಲ ಬಿಳಿ ಹತ್ತಿದೆ. ದಾರ ಮಾತ್ರ ಎಲ್ಲೂ ತಾಗಲಿಲ್ಲ.

ಬೆಣ್ಣೆನಗರಿ

ತುಂಬ ಖುಷಿಯಾಯ್ತು! ಆ ಪ್ಲಾಸ್ಟಿಕ್ಕನ್ನು ಹೀಟ್ ಗನ್‌ನಿಂದ ಸ್ವಲ್ಪ ಬಿಸಿ ಮಾಡಿ ಒಳಕ್ಕೆ ಒತ್ತಿ, ಮತ್ತೆ ಸುಣ್ಣ ಬಳಿದು ನೋಡಿ. 50 ಮೈಲಿ ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿ ಮಾಡಿ, ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿದೆ. ಒಂದು ವಾರ ಬಿಟ್ಟು ಅಲೈನ್‌ಮೆಂಟ್ (ಚಕ್ರದ ಓರೆ ಸರಿ ಮಾಡುವುದು) ಮಾಡಿಸಿ. ತಗ್ಗಿಸಿದ ಗಾಡಿಯಲ್ಲಿ ಚಕ್ರದ ತಲೆ ಒಳಕ್ಕೆ ವಾಲಿರುತ್ತದೆ, ಬಿಟ್ಟರೆ ಹೊಸ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಅಲ್ಲಿಯವರೆಗೆ ಫ್ರೆಸ್ನೊಗೆ ಬೇರೆ ಗಾಡಿಯಲ್ಲಿ ಹೋಗಿ ಬನ್ನಿ.