ಅಪ್‌ಡೇಟ್: ಹೊಸ ಜೋಡಿ ನಳಿಗೆ ಕೋವಿ, ಮೊದಲ ಈಡಿಗೆ ಮುಂಚೆ

ಹೊಸ 12 ಬೋರ್ ಕೋವಿಯನ್ನು ಕಾರ್ಖಾನೆಯ ಗ್ರೀಸ್ ತೆಗೆಯದೆ ಹಾರಿಸಬಹುದೇ ಎಂದು ಕೇಳಿದ್ದೆ. ಬೇಡ ಎಂದವರೇ ಸರಿ. ಆ ಗ್ರೀಸ್ ಇರುವುದು ತುಕ್ಕು ತಡೆಯಲು. ನಳಿಗೆಯೊಳಗೆ ದಪ್ಪಗೆ ಕೂತಿದ್ದರೆ ಹಾರಿಸುವಾಗ ಒತ್ತಡ ಏರುತ್ತದೆ.

ಕೋವಿ ಮಡಚಿ, ಎರಡೂ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಖಾಲಿ ಎಂದು ಬೆರಳು ಹಾಕಿ ನೋಡಿಯೇ ನಳಿಗೆ ಬಿಚ್ಚಿದ್ದು. ಸಾಲ್ವೆಂಟ್ ಹಚ್ಚಿದ ಕಂಚಿನ ಬ್ರಷ್ಷು ಚೇಂಬರ್ ಕಡೆಯಿಂದ, ಆಮೇಲೆ ಹತ್ತಿ ಬಟ್ಟೆ, ಅದು ಬಿಳಿಯಾಗೇ ಹೊರಬರುವವರೆಗೆ. ಹೆಚ್ಚಿನ ಜಿಡ್ಡು ಇದ್ದದ್ದು ತೋಟಾವನ್ನು ಹೊರಕ್ಕೆ ಎತ್ತುವ ಎಕ್ಸ್‌ಟ್ರ್ಯಾಕ್ಟರಿನ ಸಂದಿಯಲ್ಲಿ. ಅಲ್ಲಿಗೆ ಹಳೇ ಟೂತ್‌ಬ್ರಷ್ಷೇ ಸರಿ.

ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಕಾಣುವ ನೆರಳಿನ ಬಳೆಗಳು ದುಂಡಗಿರಬೇಕು. ಒಂದು ಕಡೆ ಸೊಟ್ಟಗಿದ್ದರೆ ನಗ್ಗಿದೆ ಎಂದರ್ಥ. ಹಾರಿಸದೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಚೇಂಬರ್ ಮೇಲೆ 70 ಮಿ.ಮೀ. ಎಂದಿದ್ದರೆ 76 ಮಿ.ಮೀ. ತೋಟಾ ಬೇಡವೇ ಬೇಡ: ಒಳಗೆ ಕೂರುತ್ತದೆ, ಆದರೆ ಹಾರಿದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ.

ಕೋವಿ ಮಡಚುವ ಕೀಲಿನ ಹಿಂಜ್ ಪಿನ್ನಿಗೆ ತೆಳ್ಳಗೆ ಗ್ರೀಸ್ ಸಾಕು. ಟ್ರಿಗರ್, ಸೇಫ್ಟಿ ಎರಡನ್ನೂ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿಯೇ ಪರೀಕ್ಷಿಸಿದ್ದಾಯ್ತು.