ಸಣ್ಣಪುಟ್ಟ ಮರಗೆಲಸದ ನಕ್ಷೆಗೆ ಸುಲಭವಾಗಿ ಕಲಿಯಬಹುದಾದ ತಂತ್ರಾಂಶ ಯಾವುದು?

ಪ್ರಶ್ನೆ

ನಮಸ್ಕಾರ. ಬಿಡುವಿನ ವೇಳೆಯಲ್ಲಿ ಪುಸ್ತಕದ ಕಪಾಟು, ಉಪಕರಣದ ಪೆಟ್ಟಿಗೆ, ಸಣ್ಣ ಮೇಜು ಇಂಥವನ್ನು ಮಾಡುವ ಹವ್ಯಾಸ ನನ್ನದು. ಇದುವರೆಗೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲೇ ನಕ್ಷೆ ಬಿಡಿಸುತ್ತಿದ್ದೆ. ಕಳೆದ ಬಾರಿ 18 ಮಿ.ಮೀ. ಎಂದು ನಂಬಿದ್ದ ಪ್ಲೈವುಡ್ ಅಳೆದಾಗ 17.3 ಮಿ.ಮೀ. ಮಾತ್ರ ಇತ್ತು; ಅಡ್ಡಹಲಗೆ ಕೂರಿಸಲು ಅದಾಗಲೇ ಕೊರೆದಿದ್ದ ಸೀಳುಗಳೆಲ್ಲ ಸಡಿಲವಾಗಿ, ನಕ್ಷೆಯನ್ನೂ ಹೊಸದಾಗಿ ಬಿಡಿಸಬೇಕಾಯಿತು. ಹೆಚ್ಚು ಹಣ ಖರ್ಚು ಮಾಡದೆ, ಕೆಲವೇ ವಾರಗಳಲ್ಲಿ ಕಲಿಯಬಹುದಾದ ತಂತ್ರಾಂಶವನ್ನು ದಯವಿಟ್ಟು ಸೂಚಿಸಿ.

ಮೊದಲ ಉತ್ತರ

ಸ್ಕೆಚ್‌ಅಪ್‌ನಿಂದ ಆರಂಭಿಸಿ. ಸ್ವಂತ ಬಳಕೆಗೆ ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತದೆ. ಆಯತ ಎಳೆದು, ಅದನ್ನು ಮೇಲಕ್ಕೆತ್ತಿದರೆ ಹಲಗೆ ಸಿದ್ಧವಾಗುತ್ತದೆ. ಆದರೆ ಒಂದು ಹಲಗೆ ಮುಗಿದ ಕೂಡಲೇ ಅದನ್ನು ಕಾಂಪೊನೆಂಟ್ (ಉಳಿದವುಗಳಿಗೆ ಅಂಟದೆ ಬಿಡಿಯಾಗಿ ನಿಲ್ಲುವ ಘಟಕ) ಆಗಿ ಮಾಡಿಕೊಳ್ಳಿ, ಇಲ್ಲದಿದ್ದರೆ ಪಕ್ಕದಲ್ಲಿ ಬಿಡಿಸಿದ ಹಲಗೆ ಇದಕ್ಕೆ ಅಂಟಿಕೊಂಡು, ಒಂದನ್ನು ಸರಿಸಿದಾಗ ಇನ್ನೊಂದೂ ಎಳೆದುಕೊಂಡು ವಿಕಾರವಾಗುತ್ತದೆ. ಮೇಜಿನ ಒಂದು ಕಾಲನ್ನು ಕಾಂಪೊನೆಂಟ್ ಮಾಡಿ ನಾಲ್ಕು ಪ್ರತಿ ಇಟ್ಟರೆ, ಒಂದನ್ನು ತಿದ್ದಿದಾಗ ನಾಲ್ಕೂ ತಿದ್ದಿಕೊಳ್ಳುತ್ತವೆ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾದದ್ದೇ, ಆದರೆ ಪ್ರಶ್ನೆ ಕೇಳಿದವರ ನಿಜವಾದ ತೊಂದರೆ ದಪ್ಪ ಬದಲಾದದ್ದು. ಅದಕ್ಕೆ ಫ್ರೀಕ್ಯಾಡ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ರೇಖೆಗಳನ್ನು ಅಂದಾಜಿಗೆ ಎಳೆದು, ಅನಂತರ ‘ಇವೆರಡು ಸಮಾನ’, ‘ಇದು ಇಷ್ಟೇ ಉದ್ದ’ ಎಂಬ ನಿಬಂಧನೆಗಳನ್ನು ಒಂದೊಂದಾಗಿ ಹಾಕುತ್ತೀರಿ, ಎಲ್ಲ ಅಳತೆಗಳೂ ನಿಗದಿಯಾದಾಗ ರೇಖೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಒಳಗೇ ಇರುವ ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಹಲಗೆಯ ದಪ್ಪವನ್ನು ಬರೆದು, ಪ್ರತಿ ಸೀಳಿನ ಅಗಲವನ್ನೂ ಆ ಕೋಶಕ್ಕೆ ಜೋಡಿಸಿದರೆ, 18 ಇದ್ದಲ್ಲಿ 17.3 ಎಂದು ಬರೆದಾಗ ಕಪಾಟಿನ ಸೀಳುಗಳೆಲ್ಲ ಒಟ್ಟಿಗೆ ಕಿರಿದಾಗುತ್ತವೆ. ಇದು ಮುಕ್ತ ತಂತ್ರಾಂಶ. ಕಡತಗಳು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಹಳೆಯ ಆವೃತ್ತಿಗಳಲ್ಲಿ ಮೊದಲ ಹಂತವನ್ನು ತಿದ್ದಿದರೆ ಮುಂದಿನ ಹಂತಗಳು ಕಳಚಿಕೊಳ್ಳುವ ಸಮಸ್ಯೆ ಹೆಚ್ಚಾಗಿತ್ತು. ಆರಂಭದಲ್ಲಿ ಪರದೆಯ ತುಂಬ ಇರುವ ಗುಂಡಿಗಳು ಗಾಬರಿ ಹುಟ್ಟಿಸುವುದು ನಿಜ. ಸ್ಕೆಚರ್ ಮತ್ತು ಪಾರ್ಟ್ ಡಿಸೈನ್ ಎಂಬ ಎರಡು ವಿಭಾಗಗಳು ಹಾಗೂ ಮೇಲೆ ಹೇಳಿದ ಸ್ಪ್ರೆಡ್‌ಶೀಟ್ ಬಿಟ್ಟು ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

ಮೂರನೆಯ ಉತ್ತರ

ಚಪ್ಪಟೆ ನಕ್ಷೆಯಷ್ಟೇ ಸಾಕೆನ್ನುವವರಿಗೆ ಲಿಬ್ರೆಕ್ಯಾಡ್ ಇದೆ. ಪೆನ್ಸಿಲಿಗೆ ಒಗ್ಗಿದ ಕೈಗೆ ಅದು ಬೇಗ ಹಿಡಿಸುತ್ತದೆ. ಯಾವುದನ್ನೇ ಆರಿಸಿಕೊಂಡರೂ ಗರಗಸ ತಿನ್ನುವ ಅಗಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆಯಬೇಡಿ. 2440 ಮಿ.ಮೀ. ಹಲಗೆಯಿಂದ 610ರ ನಾಲ್ಕು ತುಂಡುಗಳು ಬರುತ್ತವೆಂದು ನಕ್ಷೆ ಹೇಳುತ್ತದೆ, 3 ಮಿ.ಮೀ. ಅಲಗಿನಿಂದ ಮೂರು ಬಾರಿ ಕೊಯ್ದರೆ 9 ಮಿ.ಮೀ. ಪುಡಿಯಾಗಿ ಹೋಗಿ, ಪ್ರತಿ ತುಂಡಿಗೆ 607.75 ಮಾತ್ರ ಉಳಿಯುತ್ತದೆ.