ಪ್ರಿಯಸ್ ಮೂರನೇ ತಲೆಮಾರು: ಹಿಂದಿನ 12 ವೋಲ್ಟ್ ಬ್ಯಾಟರಿಯಿಂದ ಟ್ರೇಲರ್ ದೀಪಕ್ಕೆ ಕರೆಂಟ್ ತೆಗೆಯೋದು ಹೇಗೆ?

ಡಿಕ್ಕಿಹನುಮ:

ಗಾಡಿ 2012ರ ಟೊಯೋಟಾ ಪ್ರಿಯಸ್, ಅಮೆರಿಕದ ಮಾಡೆಲ್. ಹಿಚ್ (ಟ್ರೇಲರ್ ಸಿಕ್ಕಿಸೋ ಕೊಂಡಿ) ಕೂತಿದೆ. ಎಳೆಯಬೇಕಾಗಿರೋದು ತೋಟದ ಸಾಮಾನು ಹಾಕೋ ಸಣ್ಣ ಟ್ರೇಲರ್. ಅದರಲ್ಲಿ ಹಳೇ ಕಾಲದ, ಒಳಗೆ ಎರಡು ಎಳೆ ಇರೋ 1157 ಬಲ್ಬು, ನಾಲ್ಕು ತಂತಿಯ ಚಪ್ಪಟೆ ಕನೆಕ್ಟರ್. ಜೊತೆಗೆ ಒಂದು ಪವರ್ಡ್ ಕನ್ವರ್ಟರ್ ಕಿಟ್ (ಕಾರಿನ ದೀಪದ ಸನ್ನೆ ನೋಡಿ ಟ್ರೇಲರ್ ದೀಪ ಉರಿಸೋ ಡಬ್ಬ) ಇದೆ. ಅದರ ಕಪ್ಪು ತಂತಿಯನ್ನ ನೇರ ಬ್ಯಾಟರಿ ಪ್ಲಸ್‌ಗೆ ಕೊಡಿ ಅಂತ ಚೀಟಿಯಲ್ಲಿ ಬರೆದಿದೆ. ಬಾನೆಟ್ ತೆಗೆದರೆ ಬ್ಯಾಟರಿಯೇ ಇಲ್ಲ, ಹಿಂದೆ ಇದೆಯಂತೆ. ಅಲ್ಲಿಗೆ ಹೋಗೋ ದಾರಿ ಯಾವುದು? ಎಷ್ಟು ಆಂಪ್ ಫ್ಯೂಸ್? ಕಿತ್ತಳೆ ಕೇಬಲ್‌ಗಳ ಹತ್ತಿರ ಕೈ ಹಾಕಬೇಕಾಗುತ್ತಾ? ಇನ್ನೊಂದು, ಕನ್ವರ್ಟರ್ ಬಿಟ್ಟು ಕಾರಿನ ಹಿಂದೀಪದ ತಂತಿಗೇ ಟ್ರೇಲರ್ ಜೋಡಿಸಿಬಿಟ್ಟರೆ ಏನಾಗುತ್ತೆ?

ಹತ್ತರಸ್ಪ್ಯಾನರ್:

ಮೊದಲು ಒಂದು ಮಾತು. ಅಮೆರಿಕದ ಪ್ರಿಯಸ್‌ನ ಮಾಲೀಕರ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವುದನ್ನು ಟೊಯೋಟಾ ಶಿಫಾರಸು ಮಾಡಿಲ್ಲ. ಹಿಚ್ ತಯಾರಕರು ಬರೆದ ತೂಕ ಹಿಚ್ಚಿನದು, ಗಾಡಿಯದಲ್ಲ. ಅದನ್ನು ತಿಳಿದುಕೊಂಡು ಮುಂದುವರಿಯಿರಿ.

ಬ್ಯಾಟರಿ ಇರುವುದು ಡಿಕ್ಕಿಯ ಬಲ ಹಿಂಭಾಗದ ಮೂಲೆಯಲ್ಲಿ, ನೆಲಹಲಗೆಯ ಕೆಳಗೆ. ಪಾರ್ಕ್ ಹಾಕಿ, ಪವರ್ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ಗಾಡಿಯಿಂದ ದೂರ ಇಡಿ. ನೆಲಹಲಗೆ ಎತ್ತಿ, ಅದರಡಿಯ ಕಪ್ಪು ಪ್ಲಾಸ್ಟಿಕ್ ತಟ್ಟೆಯನ್ನೂ ಬಲಪಕ್ಕದ ಸಣ್ಣ ಹಲಗೆಯನ್ನೂ ತೆಗೆದರೆ ಬ್ಯಾಟರಿ ಕಾಣುತ್ತದೆ. ಮುರಿಯುವುದು ಏನಾದರೂ ಇದ್ದರೆ ಕ್ಲಿಪ್ಪುಗಳು. ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಟ್ರಿಮ್ ಪಟ್ಟಿ ಬಳಸಿ.

ಇಲ್ಲಿ ಎಲ್ಲರೂ ಎಡವುವ ಜಾಗ ಡಿಕ್ಕಿ ಬಾಗಿಲು. ಅದರ ಬೀಗ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಬಿಚ್ಚಿಟ್ಟಾಗ ಗಾಳಿಗೋ ಅಭ್ಯಾಸಬಲಕ್ಕೋ ಬಾಗಿಲು ಮುಚ್ಚಿಕೊಂಡರೆ ಹೊರಗಿನ ಗುಂಡಿ ಕೆಲಸ ಮಾಡುವುದಿಲ್ಲ. ಆಗ ಕೀ ಒಳಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆಗೆದು, ಹಿಂದಿನ ಸೀಟು ಮಡಚಿ, ತೆವಳಿಕೊಂಡು ಹೋಗಿ, ಡಿಕ್ಕಿ ಬಾಗಿಲಿನ ಒಳಬದಿಯ ತುರ್ತು ಸನ್ನೆಕೋಲನ್ನು ಎಳೆಯಬೇಕು. ಅದರ ಬದಲು ಬಾಗಿಲಿನ ಬೀಗಕ್ಕೆ ಒಂದು ದಪ್ಪ ಬಟ್ಟೆ ಕಟ್ಟಿಬಿಡಿ, ಮುಚ್ಚಿದರೂ ಕಚ್ಚುವುದಿಲ್ಲ. ಲೋಹದ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

10 ಎಂಎಂ ಸ್ಪ್ಯಾನರ್ ಒಂದೇ ಸಾಕು. ಮೊದಲು ಮೈನಸ್ ಬಿಚ್ಚಿ, ಟೇಪ್ ಸುತ್ತಿ ಪಕ್ಕಕ್ಕೆ ಸರಿಸಿ. 90 ಸೆಕೆಂಡ್ ಕಾಯಿರಿ, ಅದು ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದ ಕರೆಂಟು ಇಳಿಯಲು. ಪ್ಲಸ್ ಕೆಂಪು ಮುಚ್ಚಳದ ಕೆಳಗಿದೆ. ಆ ಕ್ಲಾಂಪಿನ ಬೋಲ್ಟಿಗೆ ಎಂ6 ಅಳತೆಯ ರಿಂಗ್ ಟರ್ಮಿನಲ್ ಕೂರುತ್ತದೆ. ಕ್ಲಾಂಪನ್ನೇ ಬ್ಯಾಟರಿ ಕಂಬದಿಂದ ಎಳೆಯಬೇಕಾಗಿಲ್ಲ. ಕಂಬಗಳು ಜಪಾನಿ ಅಳತೆಯವು, ಸಣ್ಣಗಿರುತ್ತವೆ. ಬಲ ಹಾಕಿ ತಿರುಚಬೇಡಿ.

ಬ್ಯಾಟರಿಯ ಪಕ್ಕದಿಂದ ಒಂದು ಸಣ್ಣ ರಬ್ಬರ್ ಕೊಳವೆ ಹೊರಗೆ ಹೋಗುತ್ತದೆ. ಈ ಬ್ಯಾಟರಿ ಜನ ಕೂರುವ ಜಾಗದೊಳಗೇ ಇರುವುದರಿಂದ ಹೈಡ್ರೋಜನ್ ಹೊರಹೋಗಲು ಆ ಕೊಳವೆ ಬೇಕೇ ಬೇಕು. ಕೆಲಸದ ನಡುವೆ ಕಳಚಿಕೊಂಡರೆ ಮತ್ತೆ ಸಿಕ್ಕಿಸಿ.

ಕಿತ್ತಳೆ ಕೇಬಲ್‌ಗಳ ಸಂಗತಿ: ಅವು 201.6 ವೋಲ್ಟಿನ ದೊಡ್ಡ ಬ್ಯಾಟರಿಯವು. ನಿಮ್ಮ ಕೆಲಸಕ್ಕೂ ಅವಕ್ಕೂ ಸಂಬಂಧವಿಲ್ಲ. ಕಿತ್ತಳೆ ಬಣ್ಣದ ಯಾವುದನ್ನೂ, ಕಿತ್ತಳೆ ಹಿಡಿಯನ್ನೂ ಸೇರಿಸಿ, ಮುಟ್ಟಬೇಡಿ, ಅದಕ್ಕೆ ತಂತಿ ಕಟ್ಟಬೇಡಿ. ಹಿಂದಿನ ಸೀಟಿನ ಬಲಪಕ್ಕದಲ್ಲಿ ಗಾಳಿ ಎಳೆಯುವ ಜಾಲರಿ ಇದೆಯಲ್ಲ, ಅದು ದೊಡ್ಡ ಬ್ಯಾಟರಿಯ ಮೂಗು. ತಂತಿ ಚೂರು, ಸ್ಕ್ರೂ ಅದರೊಳಗೆ ಬೀಳದಂತೆ ನೋಡಿಕೊಳ್ಳಿ.

ಮುಂಬಾಗಿಲು:

ಇಷ್ಟೆಲ್ಲ ಯಾಕೆ? ಬಾನೆಟ್ ಒಳಗಿನ ಫ್ಯೂಸ್ ಡಬ್ಬದಲ್ಲಿ ಕೆಂಪು ಮುಚ್ಚಳದ ಜಂಪ್ ಟರ್ಮಿನಲ್ ಇದೆ. ಅದೂ ಬ್ಯಾಟರಿ ಪ್ಲಸ್ಸೇ ತಾನೇ. ಅಲ್ಲಿಂದಲೇ ಒಂದು ತಂತಿ ಹಿಂದಕ್ಕೆ ಎಳೆದರಾಯಿತು. ಇಲ್ಲವಾದರೆ ಒಳಗಿನ 12 ವೋಲ್ಟ್ ಸಾಕೆಟ್ ಇದ್ದೇ ಇದೆ.

ತಂತಿಪುರಾಣ:

ಎರಡೂ ಬೇಡ. ಜಂಪ್ ಟರ್ಮಿನಲ್ ಇರೋದು ಬ್ಯಾಟರಿ ಸತ್ತಾಗ ಕ್ಲಿಪ್ ಕಚ್ಚಿಸೋಕೆ. ಅಲ್ಲಿ ಕಾಯಂ ತಂತಿ ಕಟ್ಟಿದರೆ ಮುಚ್ಚಳ ಕೂರಲ್ಲ, ಮತ್ತೆ ಜಂಪ್ ಬೇಕಾದ ದಿನ ಜಾಗ ಇರಲ್ಲ. ಮೇಲಾಗಿ ಸುಮಾರು 5 ಮೀಟರ್ ತಂತಿ ಗಾಡಿ ಉದ್ದಕ್ಕೂ ಓಡಿಸಬೇಕು. 14 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 8.3 ಮಿಲಿ ಓಮ್. 7 ಆಂಪ್ ಹರಿದರೆ 5 ಮೀಟರಿಗೆ 0.29 ವೋಲ್ಟ್ ದಾರಿಯಲ್ಲೇ ಹೋಯ್ತು. ಹಿಂದಿನ ಬ್ಯಾಟರಿಯಿಂದ 1 ಮೀಟರ್ ಆದರೆ 0.06. ಬ್ಯಾಟರಿ ಟ್ರೇಲರ್ ಪಕ್ಕದಲ್ಲೇ ಇರುವಾಗ ಊರು ಸುತ್ತಿಸೋದು ಯಾಕೆ? ಸಾಕೆಟ್ ಮಿತಿ 120 ವಾಟ್, ಅಂದರೆ 10 ಆಂಪ್. ಅದೇ ಸಾಲಿನಲ್ಲಿ ಫೋನ್ ಚಾರ್ಜರೋ ಗಾಳಿ ಪಂಪೋ ಸೇರಿ ಫ್ಯೂಸ್ ಹೋದರೆ, ಹೆದ್ದಾರಿಯಲ್ಲಿ ಟ್ರೇಲರ್ ದೀಪ ಒಟ್ಟಿಗೇ ಕತ್ತಲು.

ಈಗ ಫ್ಯೂಸ್ ಲೆಕ್ಕ. 1157 ಬಲ್ಬಿನ ದೊಡ್ಡ ಎಳೆ 2.1 ಆಂಪ್, ಸಣ್ಣ ಎಳೆ 0.59. ಬ್ರೇಕ್ ಒತ್ತಿದಾಗ ಎರಡು ದೊಡ್ಡವು 4.2. ಹಿಂದೀಪ ಎರಡಕ್ಕೆ 1.2. ಪಕ್ಕದ ಗುರುತು ದೀಪಗಳು 194 ಬಲ್ಬಾದರೆ ತಲಾ 0.27, ನಾಲ್ಕಿದ್ದರೆ 1.1. ಒಟ್ಟು ಆರೂವರೆ. 10 ಆಂಪ್ ಫ್ಯೂಸ್ ಸರಿ. ಕಿಟ್ ಚೀಟಿಯಲ್ಲಿ 15 ಅಂತಿದ್ದರೆ ಅದು ಗರಿಷ್ಠ ಮಿತಿ, ನಿಮ್ಮ ಟ್ರೇಲರಿಗೆ 10 ಹಾಕಿದರೆ ತಪ್ಪೇನಿಲ್ಲ. ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸ್ ಕಾಪಾಡೋದು ಅದರಿಂದ ಆಚೆಗಿನ ತಂತಿಯನ್ನ ಮಾತ್ರ. ಕನ್ವರ್ಟರ್ ಹತ್ತಿರ ಫ್ಯೂಸ್ ಇಟ್ಟು, ನಡುವೆ ತಂತಿ ತಗಡಿಗೆ ಉಜ್ಜಿ ಸುಲಿದರೆ, ಬ್ಯಾಟರಿಯ ಪೂರ್ತಿ ಬಲ ಆ ತಂತಿಗೆ.

ನೇರವಾಗಿ ಹಿಂದೀಪಕ್ಕೆ ಯಾಕೆ ಜೋಡಿಸಬಾರದು ಅಂದರೆ, ಈ ಗಾಡಿಯ ಬ್ರೇಕ್ ದೀಪ, ಹಿಂದೀಪ ಎಲ್‌ಇಡಿ. ತಂತಿ ಸಣ್ಣದು, ಹರಿಯೋ ಕರೆಂಟು ಅಲ್ಪ. ಅದರ ಮೇಲೆ ಆರು ಆಂಪ್ ಹೇರೋದು ಸೈಕಲ್ ಕ್ಯಾರಿಯರ್ ಮೇಲೆ ಭತ್ತದ ಮೂಟೆ ಹೇರಿದ ಹಾಗೆ. ಎರಡನೇ ಕಾರಣ ಇನ್ನೂ ಮುಖ್ಯ: ಕಾರಿನಲ್ಲಿ ಬ್ರೇಕು ಬೇರೆ, ಇಂಡಿಕೇಟರ್ ಬೇರೆ. ಟ್ರೇಲರಿನಲ್ಲಿ ಎರಡಕ್ಕೂ ಒಂದೇ ಎಳೆ. ಬ್ರೇಕ್ ಒತ್ತಿಕೊಂಡು ಎಡಕ್ಕೆ ತಿರುಗುವಾಗ ಎಡ ಬಲ್ಬು ಮಿನುಗಬೇಕು, ಬಲ ಬಲ್ಬು ಸ್ಥಿರವಾಗಿ ಉರಿಯಬೇಕು. ಆ ಲೆಕ್ಕ ಮಾಡೋದೇ ಕನ್ವರ್ಟರ್. ಕಾರಿನ ತಂತಿಯಿಂದ ಅದು ತಗೊಳ್ಳೋದು ಬರೀ ಸನ್ನೆ. ದೀಪ ಉರಿಸೋ ಕರೆಂಟು ಬ್ಯಾಟರಿಯಿಂದ.

ಸನ್ನೆ ತಂತಿಗಳು ನಾಲ್ಕು. ಕೆಂಪು ಬ್ರೇಕಿಗೆ, ಕಂದು ಹಿಂದೀಪಕ್ಕೆ, ಹಳದಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ. ಇದು ಕಿಟ್ಟಿನ ಬಣ್ಣ. ಕಾರಿನ ಬಣ್ಣಕ್ಕೂ ಇದಕ್ಕೂ ತಾಳೆ ಹಾಕಬೇಡಿ, ಎಲ್ಲೋ ಓದಿದ ಬಣ್ಣವನ್ನ ನಂಬಲೂ ಬೇಡಿ. ಇದನ್ನ ಬ್ಯಾಟರಿ ಬಿಚ್ಚೋ ಮೊದಲೇ ಮಾಡಿ: ದೀಪದ ಬೋಲ್ಟ್ ತೆಗೆದು ನೇರ ಹಿಂದಕ್ಕೆ ಎಳೆಯಿರಿ (ಪಕ್ಕಕ್ಕೆ ಎಳೆದರೆ ಪಿನ್ನು ಮುರಿಯುತ್ತೆ), ಒಬ್ಬರನ್ನ ಒಳಗೆ ಕೂರಿಸಿ ಬ್ರೇಕು, ದೀಪ, ಇಂಡಿಕೇಟರ್ ಒಂದೊಂದೇ ಹಾಕಿಸಿ, ಮೀಟರಿನಲ್ಲಿ ನೋಡಿ ಚೀಟಿ ಅಂಟಿಸಿ. ಹಿಂದೀಪದ ತಂತಿಯಲ್ಲಿ 12ರ ಬದಲು 4, 5 ವೋಲ್ಟ್ ತೋರಿಸಿದರೆ ಅದು ತುಂಡುತುಂಡಾಗಿ ಬರೋ ಕರೆಂಟು. ಸಾದಾ ಕನ್ವರ್ಟರ್ ಅದಕ್ಕೆ ಒಗ್ಗದೆ ದೀಪ ನಡುಗಿಸುತ್ತೆ. ಬೇರೆ ತಂತಿ ಹುಡುಕಿ.

ಜೋಡಣೆಗೆ, ತಂತಿ ಸುಲಿಯದೆ ಮೇಲಿಂದ ಕಚ್ಚಿಸೋ ನೀಲಿ ಕ್ಲಿಪ್ ಬಳಸಬೇಡಿ. ಅದು ದಪ್ಪ ತಂತಿಗೆ ಮಾಡಿದ್ದು, ಇಲ್ಲಿನ ಸಣ್ಣ ತಂತಿಯನ್ನ ಹಿಡಿಯಲ್ಲ, ಇಲ್ಲಾ ಎಳೆಗಳನ್ನೇ ಕತ್ತರಿಸುತ್ತೆ. ಬೆಸುಗೆ ಹಾಕಿ ಶ್ರಿಂಕ್ ಕೊಳವೆ ಏರಿಸಿ. ಎಡದಿಂದ ಬಲಕ್ಕೆ ಬರೋ ತಂತಿ ಹೊಸ್ತಿಲ ಪ್ಲಾಸ್ಟಿಕ್ ಕೆಳಗೆ ಹೋಗಲಿ. ಕನ್ವರ್ಟರ್ ಡಬ್ಬ ಗಾಡಿಯೊಳಗೇ, ಒಣ ಜಾಗದಲ್ಲಿರಲಿ. ಚಪ್ಪಟೆ ಕನೆಕ್ಟರನ್ನ ನೆಲದ ರಬ್ಬರ್ ಬಿರಡೆ ಕೊರೆದು ಹೊರಗೆ ತನ್ನಿ, ಸೈಲೆನ್ಸರಿನಿಂದ ದೂರ.

ಕಪ್ಪು ತಂತಿಗೆ ಫ್ಯೂಸ್ ಹಾಕೋದು ಎಲ್ಲಕ್ಕಿಂತ ಕೊನೆಗೆ. ಟ್ರೇಲರ್ ಇಲ್ಲದ ದಿನಗಳಲ್ಲಿ ಅದನ್ನ ಕಿತ್ತೇ ಇಡಿ. ಕನ್ವರ್ಟರ್ ಸುಮ್ಮನಿದ್ದಾಗಲೂ ಕೆಲವು ಮಿಲಿ ಆಂಪ್ ಹೀರುತ್ತೆ. 10 ಮಿಲಿ ಆಂಪ್ ಅಂದರೂ ದಿನಕ್ಕೆ 0.24 ಆಂಪ್ ಅವರ್. ಬ್ಯಾಟರಿ ಇರೋದೇ ಸುಮಾರು 45 ಆಂಪ್ ಅವರ್, ಗಾಡಿಯದೇ ಸೋರಿಕೆ ಬೇರೆ. ಸತ್ತರೆ ಮತ್ತೆ ಅದೇ ಡಿಕ್ಕಿ ಬಾಗಿಲ ಕಥೆ.

ಹತ್ತರಸ್ಪ್ಯಾನರ್:

ಪರೀಕ್ಷೆ ಮಾಡುವಾಗ ಗಾಡಿ ರೆಡಿ ಸ್ಥಿತಿಯಲ್ಲಿ, ಅಂದರೆ ಓಡಲು ಸಿದ್ಧವಾಗಿ, ಇರಲಿ. ಆಗ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಗಾಡಿಯದೇ ಡಿಸಿ-ಡಿಸಿ ಕನ್ವರ್ಟರ್ 12 ವೋಲ್ಟ್ ಬ್ಯಾಟರಿಯನ್ನು 14ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತದೆ. ಬರೀ ಆಕ್ಸೆಸರಿಯಲ್ಲಿ ಅರ್ಧ ಗಂಟೆ ದೀಪ ಉರಿಸಿದರೆ ಈ ಪುಟ್ಟ ಬ್ಯಾಟರಿ ಸುಸ್ತಾಗುತ್ತದೆ. ಮೈನಸ್ ಮತ್ತೆ ಕಟ್ಟಿದ ಮೇಲೆ ಮೊದಲ ಸಲ ಗಾಡಿ ರೆಡಿಗೆ ಬರದಿದ್ದರೆ ಗಾಬರಿ ಬೇಡ, ಎರಡನೇ ಸಲ ಒತ್ತಿ. ಕಿಟಕಿಯ ಆಟೋ ಏರಿಳಿತ ಮರೆತಿದ್ದರೆ ಕಲಿಸಬೇಕಾಗಬಹುದು.

ಡಿಕ್ಕಿಹನುಮ:

ಎಲ್ಲ ಹೇಳಿದ ಹಾಗೇ ಆಯ್ತು. ಹಿಂದೀಪ ಒಂದೇ ಹಾಕಿದರೆ ಚೆನ್ನಾಗಿದೆ. ಅದರ ಜೊತೆ ಎಡ ಇಂಡಿಕೇಟರ್ ಹಾಕಿದ ಕೂಡಲೇ ಟ್ರೇಲರಿನ ಎಲ್ಲ ದೀಪ ಮಂಕಾಗಿ ಅದರ ತಾಳಕ್ಕೆ ಕುಣಿಯುತ್ತೆ. ಕನ್ವರ್ಟರ್ ಹೋಯ್ತಾ?

ತಂತಿಪುರಾಣ:

ಕನ್ವರ್ಟರ್ ಅಲ್ಲ, ಅರ್ತ್. ವಾಪಸ್ ಹೋಗೋ ದಾರಿ ಕೆಟ್ಟಾಗ ಕರೆಂಟು ಬೇರೆ ಬಲ್ಬಿನ ಎಳೆ ಮೂಲಕ ನುಸುಳುತ್ತೆ. ಹಿಚ್ಚಿನ ಗುಂಡಿನ ಮೂಲಕ ಅರ್ತ್ ಆಗುತ್ತೆ ಅಂತ ಬಿಟ್ಟಿದ್ದರೆ ಅದೇ ತಪ್ಪು: ಅಲ್ಲಿ ಗ್ರೀಸು, ತುಕ್ಕು, ಬಣ್ಣ ಮೂರೂ ಇವೆ.

ಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಟ್ರೇಲರಿನ ಬಿಳಿ ತಂತಿಗೆ. ದೀಪ ಉರಿಯುವಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಾರಿನ ಕಡೆಯ ಅರ್ತ್ ಕೆಟ್ಟಿದೆ. ಬ್ಯಾಟರಿ ಹತ್ತಿರ ಬಿಳಿ ತಂತಿ ಕೂತ ತಗಡಿನ ಬೋಲ್ಟ್ ಬಿಚ್ಚಿ, ಬಣ್ಣ ಕೆರೆದು ಹೊಳೆಯೋ ಲೋಹ ಕಾಣಿಸಿ, ಹಲ್ಲಿರೋ ವಾಷರ್ ಹಾಕಿ ಬಿಗಿಯಿರಿ. ಅಲ್ಲಿ ಸೊನ್ನೆಯ ಹತ್ತಿರ ಇದ್ದರೆ ದೋಷ ಟ್ರೇಲರಿನಲ್ಲಿ. ಬಿಳಿ ತಂತಿ ಚೌಕಟ್ಟಿಗೆ ಕೂತ ಜಾಗ, ಆಮೇಲೆ ಪ್ರತಿ ದೀಪದ ಬೋಲ್ಟು, ಒಂದೊಂದಾಗಿ ಕೆರೆದು ನೋಡಿ.

ಡಿಕ್ಕಿಹನುಮ:

1.8 ವೋಲ್ಟ್ ತೋರಿಸ್ತಿತ್ತು. ರಿಂಗ್ ಕೆಳಗೆ ಬಣ್ಣ ಹಾಗೇ ಇತ್ತು. ಕೆರೆದ ಮೇಲೆ 0.05. ಎಡ ಬಲ ಎರಡೂ ಸರಿ ಮಿನುಗ್ತಿವೆ.